ಗಿಡ್ಡವಾದ ಇಪ್ಪತ್ತು ಮರಗಳು

ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕಿರಿದಾಗಿಸಿ, ಅವಳು ಬುಡದಿಂದ ತುದಿಯವರೆಗೆ ನಿಧಾನವಾಗಿ ನೋಡಿದಳು. ತುದಿಯಿಂದ ಮತ್ತೆ ಬುಡಕ್ಕೆ ಇಳಿದಳು. ನಡುವೆ ಎಲ್ಲೋ ಒಬ್ಬ ಗಂಡಸು ಇದ್ದ.

ಆ ಗಂಡಸು ಮೊದಲು ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ಇದ್ದಾರೇನೋ ಎಂದು. ಯಾರೂ ಇರಲಿಲ್ಲ. ಆಮೇಲೆ ಕೂದಲು ಸರಿಮಾಡಿಕೊಂಡ. ಹೆಗಲಿಗೆ ನೇತುಬಿದ್ದಿದ್ದ ಚರ್ಮದ ಪೆಟ್ಟಿಗೆಯನ್ನು ಬೆನ್ನ ಹಿಂದಕ್ಕೆ ತಳ್ಳಿ, ಎದೆಯನ್ನು ಒಂದಂಗುಲ ಮುಂದೆ ತಂದು, ನಕ್ಕ.

"ಸ್ವಲ್ಪ ಪಕ್ಕಕ್ಕೆ ಸರೀತೀರಾ?" ಎಂದಳು ಅವಳು. "ಮರಕ್ಕೆ ಅಡ್ಡ ನಿಂತಿದ್ದೀರಿ."

ನಗು ಅಲ್ಲೇ ನಿಂತಿತು. ಮನುಷ್ಯ ಮಾತ್ರ ಪಕ್ಕಕ್ಕೆ ಸರಿದ.

"ಒಂದು ಪಾಯಿಂಟ್ ಆರು" ಎಂದು ಅವಳು ಹಿಂದೆ ಟೇಪು, ಪುಸ್ತಕ ಹಿಡಿದು ನಿಂತಿದ್ದ ಟೇಪ್ ಮಾವನಿಗೆ ಹೇಳಿದಳು.

"ಒಂದು ಪಾಯಿಂಟ್ ಏಳು ರೀ" ಎಂದ ಆ ಗಂಡಸು, ನೊಂದ ದನಿಯಲ್ಲಿ. "ಚಪ್ಪಲಿ ಬಿಟ್ಟು."

"ನಾನು ಹೇಳಿದ್ದು ಮರಕ್ಕೆ. ಒಂದು ಪಾಯಿಂಟ್ ಆರು ಘನಮೀಟರ್. ನಿಮ್ಮಲ್ಲಿ ಘನವಾದದ್ದು ಇನ್ನೂ ಏನೂ ಕಾಣಲಿಲ್ಲ."

ಟೇಪ್ ಮಾವ ಕೆಮ್ಮಿದರು. ನಗು ಬಂದಾಗಲೆಲ್ಲ ಅವರು ಕೆಮ್ಮುವುದು. ಸರ್ಕಾರಿ ಕೆಲಸದಲ್ಲಿ ಮೂವತ್ತು ವರ್ಷ ಹಾಗೇ ಕಳೆದಿದ್ದರು. ಮರುಕ್ಷಣ ಅದೇ ಕೆಮ್ಮು ಎದುರಿನಿಂದ ಕೇಳಿಸಿತು. ಅದೇ ಗೊರಗೊರ, ಕೊನೆಯಲ್ಲಿ ಅದೇ "ಅಪ್ಪಾ". ಮಾವ ತಮ್ಮ ಗಂಟಲನ್ನೇ ಒಮ್ಮೆ ಮುಟ್ಟಿ ನೋಡಿಕೊಂಡರು. ಆ ಗಂಡಸು ಆಕಾಶ ನೋಡುತ್ತಿದ್ದ.

ಹೀಗೆ ಬಂದವನಿಗೆ ಸಂಜೆಯೊಳಗೆ "ಬಟನ್ ಸಾಹೇಬ" ಎಂದು ಹೆಸರು ಬಿತ್ತು. ಅವನ ಪೆಟ್ಟಿಗೆಯಲ್ಲಿ ಅಂಗೈಗೆ ಹಿಡಿಯುವ ನಾಲ್ಕು ಕ್ಯಾಲ್ಕುಲೇಟರ್‌ಗಳಿದ್ದವು, ಒಂದೊಂದಕ್ಕೂ ಮೂವತ್ತೈದು ಬಟನ್. ಅಂಗಿಯಲ್ಲಿ ಮಾತ್ರ ಒಂದು ಕಡಿಮೆ.

"ಇದು ಅಂಗಡಿ ಕ್ಯಾಲ್ಕುಲೇಟರ್ ಅಲ್ಲ" ಎಂದು ಅವನು ಕಚೇರಿಯ ವರಾಂಡದಲ್ಲಿ ವಿವರಿಸಿದ. "ಇದಕ್ಕೆ ಪ್ರೋಗ್ರಾಮ್ ಹಾಕಬಹುದು. ಈ ಕಾರ್ಡ್ ನೋಡಿ, ಬೆರಳಗಲ ಇದೆ. ಇದನ್ನ ಇಲ್ಲಿ ತೂರಿಸಿದ್ರೆ ಲೆಕ್ಕದ ಇನ್ನೂರು ಹೆಜ್ಜೆ ಒಳಗೆ ಹೋಗಿ ಕೂತ್ಕೊಳ್ಳುತ್ತೆ. ಆಮೇಲೆ ನೀವು ಮರದ ಸುತ್ತಳತೆ ಕೊಡಿ. ಇಪ್ಪತ್ತು ಮೀಟರ್ ದೂರ ನಿಂತು ತುದಿಗೆ ಎಷ್ಟು ಕೋನ, ಬುಡಕ್ಕೆ ಎಷ್ಟು ಕೋನ ಅಂತ ನೋಡಿ ಕೊಡಿ. ಅದು ಎತ್ತರ ಕಂಡುಹಿಡಿದು, ತೊಗಟೆ ಕಳೆದು, ಎಷ್ಟು ಘನಮೀಟರ್ ಮರ ಸಿಗುತ್ತೆ ಅಂತ ಹೇಳುತ್ತೆ. ಏಳು ಸೆಕೆಂಡ್."

"ನನಗೆ ನಾಲ್ಕು ಸಾಕು" ಎಂದಳು ಅವಳು.

ಜಂಬವೇನಲ್ಲ. ಅವಳ ಹುದ್ದೆಯ ಹೆಸರೇ ಕಣ್ಣಳತೆಗಾರ್ತಿ. ನಿಂತ ಮರವನ್ನು ನೋಡಿ, ಬಿದ್ದ ಮೇಲೆ ಅದರಿಂದ ಎಷ್ಟು ದಿಮ್ಮಿ ಬರುತ್ತದೆಂದು ಹೇಳುವುದೇ ಕೆಲಸ. ಮೂವತ್ತೊಂದು ವರ್ಷ ಅದನ್ನು ಅವಳ ಅಪ್ಪ ಮಾಡಿದ್ದರು. ಉರುಳಿದ ದಿಮ್ಮಿಯೊಂದು ಅವರ ಮೊಣಕಾಲಿನ ಮೇಲೆ ಹಾದುಹೋದ ಮೇಲೆ, ಚಿಕ್ಕಂದಿನಿಂದ ಅವರ ಬೆನ್ನ ಹಿಂದೆಯೇ ಕಾಡು ಸುತ್ತಿದ್ದ ಮಗಳಿಗೆ ಆ ಕೆಲಸ ಬಂತು. ನಾಲ್ಕು ವರ್ಷದಿಂದ ಕಾಡಿನವರೆಲ್ಲ ಅವಳನ್ನು "ಅಳತೆಯಕ್ಕ" ಎನ್ನುತ್ತಿದ್ದರು. ಅವಳ ಎರಡರಷ್ಟು ವಯಸ್ಸಾಗಿದ್ದ ಟೇಪ್ ಮಾವನೂ.

ಈಗ ದೊಡ್ಡ ಸಾಹೇಬರ ಆದೇಶ ಬಂದಿತ್ತು. ಮೂರನೇ ಬ್ಲಾಕಿನಲ್ಲಿ ಹೊಸ ರಸ್ತೆಗಾಗಿ ನಲವತ್ತು ಮರ ಬೀಳಬೇಕು. ಬೀಳುವ ಮುಂಚೆ ಅವನ್ನು ಮೆಷಿನ್ನೂ ಅಳೆಯಲಿ, ಕಣ್ಣೂ ಅಳೆಯಲಿ. ಬಿದ್ದ ಮೇಲೆ ದಿಮ್ಮಿಗಳನ್ನು ಅಳೆದು ನಿಜ ಏನೆಂದು ನೋಡೋಣ. ಮೆಷಿನ್ ನೂರಕ್ಕೆ ಐದರೊಳಗೆ ಹತ್ತಿರ ಬಂದರೆ ಕಣ್ಣಳತೆಯ ಹುದ್ದೆ ರದ್ದು. ಹುದ್ದೆಯಲ್ಲಿದ್ದವರು ಟಪಾಲು ವಿಭಾಗಕ್ಕೆ.

ಟಪಾಲು ವಿಭಾಗ ಅವಳಿಗೆ ಗೊತ್ತಿತ್ತು. ಕಿಟಕಿಯಿಲ್ಲದ ಕೋಣೆ, ಗೋಂದಿನ ಡಬ್ಬಿ, ಎದುರು ಗೋಡೆಯ ಮೇಲೆ ಕಾಡಿನದೇ ಒಂದು ಕ್ಯಾಲೆಂಡರ್. ಅಲ್ಲಿ ಕೂತು ನಿವೃತ್ತಿಯವರೆಗೆ ಲಕೋಟೆಗೆ ಗೋಂದು ಹಚ್ಚಬೇಕು.

ಈ ಸಂಗತಿ ಬಟನ್ ಸಾಹೇಬನಿಗೆ ಗೊತ್ತಾದದ್ದು ಎರಡನೇ ವಾರದಲ್ಲಿ, ಮಾವನ ಬಾಯಿಂದ. ಆವತ್ತು ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಅವನು ಬಂದು ಅವಳ ಎದುರು ನಿಂತ. ಮುಖ ಬ್ಯಾಟರಿ ಮುಗಿದ ಹಾಗಿತ್ತು.

"ನನಗೆ ಗೊತ್ತಿರಲಿಲ್ಲ ರೀ."

"ಗೊತ್ತಿದ್ದಿದ್ರೆ? ಬಸ್ಸಿಂದ ಇಳೀತಾನೇ ಇರಲಿಲ್ವಾ?"

"ಇಳೀತಿದ್ದೆ" ಎಂದ ಅವನು, ಪ್ರಾಮಾಣಿಕವಾಗಿ. "ಅಷ್ಟೊಂದು ನಗ್ತಾ ಇಳೀತಿರಲಿಲ್ಲ."

ಆ ಉತ್ತರ ಅವಳಿಗೆ ಹಿಡಿಸಿತು. ಸುಳ್ಳು ಹೇಳುವ ಅವಕಾಶ ಅಷ್ಟು ಚೆನ್ನಾಗಿ ಎದುರಿಗಿದ್ದಾಗ ಅದನ್ನು ಬಿಟ್ಟುಕೊಡುವ ಗಂಡಸರು ಅಪರೂಪ.

"ಕೂತ್ಕೊಳ್ಳಿ, ಊಟ ಮಾಡಿ. ಮತ್ತೆ ನನ್ನನ್ನ 'ರೀ, ರೀ' ಅಂತ ಯಾಕೆ ಕರೀತೀರಿ? ಎಲ್ಲರ ಥರ ಅಕ್ಕ ಅನ್ನಿ."

ಅವನು ತುತ್ತು ನುಂಗಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. "ನಾಲಿಗೆ ಹೊರಳಲ್ಲ ರೀ."

"ಊರವರದ್ದೆಲ್ಲ ದನಿ ತೆಗೀತೀರಿ. ಸ್ಟಾರ್ಟ್ ಆಗದ ಜೀಪಿನ ದನಿ ತೆಗೀತೀರಿ. ಎರಡಕ್ಷರ ಹೊರಳಲ್ವಾ?"

"ಅದೊಂದು ಮಾತ್ರ ಹೊರಳಲ್ಲ."

ಟೇಪ್ ಮಾವನಿಗೆ ಆಗ ಬಂದ ಕೆಮ್ಮು ಐದು ನಿಮಿಷ ನಿಲ್ಲಲಿಲ್ಲ. ಅವಳು ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಕಿವಿ ಬಿಸಿಯಾಗಿದ್ದನ್ನು ಬಿಸಿಲಿನ ಲೆಕ್ಕಕ್ಕೆ ಬರೆದುಕೊಂಡಳು.

ಮೆಷಿನ್‌ನ ಪುಸ್ತಕವನ್ನು ಅವಳೇ ಕೇಳಿ ತರಿಸಿಕೊಂಡಳು. "ನನ್ನ ಕೆಲಸ ತಿನ್ನೋಕೆ ಬಂದಿರೋದರ ಹಲ್ಲು ಎಷ್ಟಿದೆ ಅಂತ ಎಣಿಸಬೇಕು." ಅದನ್ನು ಕೊಡಲು ಅವನು ಒಂದು ಭಾನುವಾರ ಸಂಜೆ ಮನೆಗೇ ಬಂದ.

ಅಪ್ಪ ಎಂದಿನಂತೆ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಕಿಟಕಿಯ ಆಚೆ ಪಕ್ಕದ ಮನೆಯ ಗೋಡೆ, ಗೋಡೆಯಲ್ಲಿ ಒಂದು ಪೈಪು. ನಾಲ್ಕು ವರ್ಷದಿಂದ ಅದೇ ಗೋಡೆ, ಅದೇ ಪೈಪು. "ಪೈಪಿಂದ ಎಷ್ಟು ಘನ ಸಿಗುತ್ತೆ ಅಂತ ಲೆಕ್ಕ ಹಾಕಿ ಆಯ್ತು" ಎಂದು ಬಂದವರಿಗೆಲ್ಲ ತಮಾಷೆ ಮಾಡುತ್ತಿದ್ದರು. ತಮಾಷೆ ಹಳೆಯದಾಗಿತ್ತು, ಗೋಡೆಯ ಹಾಗೆ.

"ಮಿಮಿಕ್ರಿ ಮಾಡ್ತೀಯಂತೆ ಮಗಾ?" ಎಂದರು ಅಪ್ಪ. "ನಮ್ಮ ಸಾಹೇಬನ್ನ ಮಾಡು ನೋಡೋಣ."

ಅವನು ಸಾಹೇಬರನ್ನು ಮಾಡಿದ. ಅಪ್ಪ ನಕ್ಕರು. ಆಮೇಲೆ ಅವನು ಅವರ ಕಾಲು ನೋಡಿದ, ಕಿಟಕಿ ನೋಡಿದ, ಆಚೆಯ ಗೋಡೆ ನೋಡಿದ. ದೀಪ ಆರಿಸಿ, ಕುರ್ಚಿಯ ಹಿಂದೆ ನೆಲದ ಮೇಲೆ ಕೂತ.

ಮೊದಲು ಒಂದೇ ಒಂದು ಹಕ್ಕಿ, ದೂರದಲ್ಲಿ. ಅದಕ್ಕೆ ಇನ್ನೊಂದು ಉತ್ತರಿಸಿತು. ಒಣ ಎಲೆಯ ಮೇಲೆ ಬೂಟು. ಟೇಪ್ ಮಾವನ ಕೆಮ್ಮು, ಬಹಳ ಹಿಂದಿನಿಂದ. ಟೇಪು ಸುರುಳಿ ಬಿಚ್ಚುವ ಸರ್ರನೆಯ ಸದ್ದು. ಗಾಳಿ ಮೇಲೆ ತುದಿಯಲ್ಲಿ ಮಾತ್ರ ಓಡಾಡಿತು, ಕೆಳಗೆ ಇಳಿಯಲಿಲ್ಲ. ಗರಗಸ ಹೋಯಿತು, ಬಂತು, ಹೋಯಿತು, ಬಂತು, ನಿಂತಿತು. ಆಮೇಲೆ, ಬೀಳುವ ಮುಂಚೆ ಮರ ಬಿಡುವ ಆ ಒಂದು ಉದ್ದನೆಯ ನರಳಿಕೆ. ಅಷ್ಟೇ. ಮರ ಬೀಳುವ ಸದ್ದು ಅವನು ಮಾಡಲೇ ಇಲ್ಲ. ಮತ್ತೆ ಅದೇ ಒಂದು ಹಕ್ಕಿ.

ದೀಪ ಹಾಕಿದಾಗ ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಕೆನ್ನೆ ಒದ್ದೆಯಾಗಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರು ಪೈಪಿನ ಮಾತು ಆಡಲಿಲ್ಲ.

ಬಾಗಿಲವರೆಗೆ ಬಂದ ಅವಳಿಗೆ ಹೇಳಬೇಕೆಂದಿದ್ದದ್ದು ಬಹಳ. ಹೊರಬಂದದ್ದು ಮಾತ್ರ, "ಮೆಟ್ಟಿಲು ಜಾರುತ್ತೆ, ನೋಡ್ಕೊಂಡು ಇಳೀರಿ."

ಅವರ ಮನೆಗೆ ಮೆಟ್ಟಿಲೇ ಇರಲಿಲ್ಲ. ಅವನು ಅವಳ ಮುಖವನ್ನೊಮ್ಮೆ ನೋಡಿ, ಇಲ್ಲದ ಮೆಟ್ಟಿಲನ್ನು ಜೋಪಾನವಾಗಿ ಇಳಿದು ಹೋದ.

ಪರೀಕ್ಷೆಯ ದಿನ ಬಿಸಿಲು ಹದವಾಗಿತ್ತು. ಮಾವ ಸುತ್ತಳತೆ ಕೂಗುವುದು, ಬಟನ್ ಸಾಹೇಬ ಇಪ್ಪತ್ತು ಮೀಟರ್ ಹಿಂದೆ ನಿಂತು ಕೋನ ನೋಡಿ ಕೂಗುವುದು, ಎರಡನ್ನೂ ಮಾವ ಪುಸ್ತಕದಲ್ಲಿ ಬರೆಯುವುದು. ಅವಳು ತನ್ನ ಅಂದಾಜನ್ನು ಚೀಟಿಯಲ್ಲಿ ಬರೆದು ಮಡಚಿದ ಮೇಲೆ ಅವನು ಬಟನ್ ಒತ್ತಬೇಕು. ಮೊದಲ ಮರ: ಅವಳದ್ದು ಒಂದು ಪಾಯಿಂಟ್ ನಾಲ್ಕು, ಮೆಷಿನ್‌ದು ಒಂದು ಪಾಯಿಂಟ್ ನಾಲ್ಕು ಮೂರು. ಹತ್ತನೇ ಮರಕ್ಕೆ ಇಬ್ಬರೂ ಒಂದೇ ಹೇಳಿದರು. ಇಪ್ಪತ್ತನೇ ಮರದ ಹೊತ್ತಿಗೆ ಮಾವನಿಗೆ ಬೇಜಾರು ಹಿಡಿದಿತ್ತು. "ನೀವಿಬ್ಬರೂ ಒಂದೇ ಬಾಯಲ್ಲಿ ಮಾತಾಡ್ತಿದ್ದೀರಿ. ಒಬ್ಬರು ಮನೆಗೆ ಹೋದ್ರೂ ನಡೆಯುತ್ತೆ."

ಯಾರು ಮನೆಗೆ ಹೋಗಬೇಕಾಗುತ್ತದೆ ಎಂದು ಮೂವರಿಗೂ ಗೊತ್ತಿತ್ತು. ಮಾವ ನಾಲಿಗೆ ಕಚ್ಚಿಕೊಂಡು ಫ್ಲಾಸ್ಕ್ ತೆಗೆದರು.

ಅವಳು ಚಹಾ ಕುಡಿಯದೆ ಲೋಟ ಹಿಡಿದು ಕೂತಿದ್ದಳು. ಬಟನ್ ಸಾಹೇಬ ಅದನ್ನು ನೋಡಿದ. ಥಟ್ಟನೆ ಕ್ಯಾಲ್ಕುಲೇಟರನ್ನು ಫೋನಿನ ಹಾಗೆ ಕಿವಿಗೆ ಹಿಡಿದು, ಹೊಟ್ಟೆ ಮುಂದೆ ಮಾಡಿ ಎದ್ದುನಿಂತ. ದೊಡ್ಡ ಸಾಹೇಬರು ಮೇಲಿನವರ ಫೋನ್ ಎತ್ತಿಕೊಳ್ಳುವ ರೀತಿ.

"ಹೌದು ಸಾರ್... ಹೌದು ಸಾರ್... ಖಂಡಿತ ಸಾರ್... ಇವತ್ತೇ ಮಾಡಿಸ್ತೀನಿ ಸಾರ್... ವಿಷಯ ಏನಪ್ಪಾ ಅಂದ್ರೆ ಸಾರ್, ಅದು ಆಗಲೇ ಆಗಿದೆ ಸಾರ್..." ಮೇಲಿನವರಿಗೆ ಕಾಣುವಂತೆ ಅವನು ಮರಕ್ಕೆ ನಮಸ್ಕಾರ ಮಾಡಿದ. ಹೆಬ್ಬೆರಳಿನಿಂದ ಬಟನ್‌ಗಳನ್ನು ಕಟಕಟ ಒತ್ತಿದ. "ಹೌದು ಸಾರ್... ಅಂದ ಹಾಗೆ ತಾವು ಯಾರು ಸಾರ್ ಮಾತಾಡ್ತಿರೋದು?"

ಅವಳು ನಕ್ಕಳು. ಲೋಟ ಅಲುಗಿ ಚಹಾ ಮೊಣಕಾಲಿನ ಮೇಲೆ ಚೆಲ್ಲಿದರೂ ನಗು ನಿಲ್ಲಲಿಲ್ಲ. ಎಷ್ಟೋ ದಿನದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಟಪಾಲು ವಿಭಾಗದ ಲಕೋಟೆಗಳೆಲ್ಲ ಒಮ್ಮೆಗೇ ಹಾರಿಹೋದ ಹಾಗಿತ್ತು. ಕಣ್ಣೊರೆಸಿಕೊಂಡು ನೋಡಿದರೆ, ಅವನು ಸಾಹೇಬರನ್ನು ಬಿಟ್ಟು ತಾನಾಗಿ ನಿಂತು ಅವಳನ್ನೇ ನೋಡುತ್ತಿದ್ದ. ಬಹುಮಾನ ಸಿಕ್ಕವನ ಮುಖ.

ಇಪ್ಪತ್ತೊಂದನೇ ಮರ. ಸುತ್ತಳತೆ ನೂರಿಪ್ಪತ್ತು ಸೆಂಟಿಮೀಟರ್. ಅವಳ ಚೀಟಿಯಲ್ಲಿ ಒಂದು ಪಾಯಿಂಟ್ ಏಳು. ಮೆಷಿನ್‌ದು ಒಂದು ಪಾಯಿಂಟ್ ನಾಲ್ಕು ಐದು.

"ಕಣ್ಣಿಗೆ ಸುಸ್ತಾಯ್ತೇನೋ ಅಕ್ಕ" ಎಂದರು ಮಾವ.

ಇಪ್ಪತ್ತೆರಡೂ ಹಾಗೇ. ಮೆಷಿನ್ ಪ್ರಕಾರ ಎರಡನೇ ಅರ್ಧದ ಮರಗಳೆಲ್ಲ ಚಹಾ ಕುಡಿಯುವಷ್ಟರಲ್ಲಿ ಆಳೆತ್ತರ ಕುಗ್ಗಿಹೋಗಿದ್ದವು. ಅವಳು ಮರವನ್ನು ಮತ್ತೆ ನೋಡಿದಳು. ಕಣ್ಣಿಗೆ ಏನೂ ಆಗಿರಲಿಲ್ಲ. ಮರವೂ ಸುಳ್ಳು ಹೇಳುತ್ತಿರಲಿಲ್ಲ.

ಇಪ್ಪತ್ಮೂರನೇ ಮರದ ಹತ್ತಿರ ಕಾಲುವೆ ದಾಟಬೇಕಿತ್ತು. ಅವನು "ಸ್ವಲ್ಪ ಹಿಡ್ಕೊಳ್ಳಿ" ಎಂದು ಮೆಷಿನ್ ಅವಳ ಕೈಗೆ ಕೊಟ್ಟು ಹಾರಿದ. ಆಗ ಅವಳು ನೋಡಿದಳು. ಪರದೆಯ ಕೆಳಗಿನ ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಒಂದು ಪದ: ಗ್ರಾಡ್. ಬೆಳಗ್ಗೆ ಅದು ಅಲ್ಲಿರಲಿಲ್ಲ.

ಪುಸ್ತಕದ ಇಪ್ಪತ್ತೇಳನೇ ಪುಟವನ್ನು ಅವಳು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದ್ದಳು. ನಾವು ವೃತ್ತವನ್ನು ಮುನ್ನೂರ ಅರವತ್ತು ಭಾಗ ಮಾಡುತ್ತೇವೆ, ಅದು ಡಿಗ್ರಿ. ನಾನೂರು ಭಾಗ ಮಾಡುವವರೂ ಇದ್ದಾರೆ, ಅದು ಗ್ರಾಡ್. ಮೆಷಿನ್‌ಗೆ ಎರಡೂ ಬರುತ್ತವೆ. ಯಾವುದು ಎಂದು ಬಟನ್ ಒತ್ತಿ ಹೇಳಬೇಕು. ತಪ್ಪು ಹೇಳಿದರೆ ನಲವತ್ತು ಡಿಗ್ರಿಯನ್ನು ಅದು ಮೂವತ್ತಾರು ಎಂದು ತಿಳಿಯುತ್ತದೆ. ಹದಿನೆಂಟೂವರೆ ಮೀಟರ್ ಮರ ಹದಿನಾರಾಗುತ್ತದೆ. ಫೋನ್ ಮಾಡುವಾಗ, ಅವಳನ್ನು ನಗಿಸುವಾಗ, ಅವನ ಹೆಬ್ಬೆರಳು ಹೋಗಿ ಕೂತದ್ದು ಅಲ್ಲೇ.

"ಕೊಡ್ರೀ" ಎಂದು ಅವನು ಆಚೆ ದಡದಿಂದ ಕೈಚಾಚಿದ.

ಅವಳು ಕೊಟ್ಟಳು. ಏನೂ ಹೇಳಲಿಲ್ಲ.

ಇಪ್ಪತ್ನಾಲ್ಕಕ್ಕೆ ಹೇಳೋಣ ಎಂದುಕೊಂಡಳು. ಮೂವತ್ತಕ್ಕೆ. ಅವನ ಹಣೆ ಬೆವರುತ್ತಿತ್ತು, ಕಾರ್ಡನ್ನು ಮತ್ತೆ ತೂರಿಸಿದ, ಬ್ಯಾಟರಿ ನೋಡಿದ, ತೊಗಟೆಯ ಲೆಕ್ಕ ದಪ್ಪ ಮರಕ್ಕೆ ಹೊಂದುತ್ತಿಲ್ಲವೇನೋ ಎಂದು ಗೊಣಗಿದ. ಅವಳ ಬಾಯಿ ಅಂಟಿಕೊಂಡಿತ್ತು. ಮರ ಬಿದ್ದ ಮೇಲೆ ದಿಮ್ಮಿಗಳು ಅವಳ ಪರವಾಗಿ ಸಾಕ್ಷಿ ಹೇಳುತ್ತವೆ. ಮೆಷಿನ್ ಸೋಲುತ್ತದೆ. ಅವಳು ಬೆಳಗ್ಗೆ ಬೆಳಗ್ಗೆ ಕಾಡಿಗೆ ಬರುತ್ತಲೇ ಇರುತ್ತಾಳೆ. ಅದಕ್ಕಾಗಿ ಅವಳು ಮಾಡಬೇಕಾದದ್ದು ಸುಮ್ಮನಿರುವುದು ಮಾತ್ರ.

ನಲವತ್ತು ಮುಗಿಯಿತು. ಮೂವರೂ ಸಹಿ ಹಾಕಿದರು. ಪಟ್ಟಿ ಲಕೋಟೆಗೆ ಹೋಗಿ ಸಾಹೇಬರ ಬೀರು ಸೇರಿತು.

"ಏನಾಯ್ತು ಮಗಳೇ?" ಎಂದರು ಅಪ್ಪ. ಅವಳು ಒಲೆಯ ಮೇಲೆ ನೀರಿಟ್ಟು ಒಲೆ ಹಚ್ಚದೆ ನಿಂತಿದ್ದಳು.

ಎಲ್ಲ ಹೇಳಿದಳು. ಅಪ್ಪ ಬಹಳ ಹೊತ್ತು ಗೋಡೆಯ ಪೈಪನ್ನು ನೋಡಿದರು.

"ನೀನು ಒಂದು ಪಾಯಿಂಟ್ ಏಳು ಅಂದದ್ದು ಅಕ್ಷರ ನೋಡೋ ಮುಂಚೆಯೋ ಆಮೇಲೋ?"

"ಮುಂಚೆ."

"ಹಾಗಾದ್ರೆ ನಿನ್ನ ಕಣ್ಣು ಸರಿ ಇದೆ. ಅದು ಸರಿ ಇದೆ ಅಂತ ತೋರಿಸೋಕೆ ಇನ್ನೊಬ್ಬರು ಕುರುಡಾಗಬೇಕಾ?"

"ಟಪಾಲು ವಿಭಾಗ ಅಪ್ಪ. ಕಿಟಕಿ ಕೂಡ ಇಲ್ಲ."

"ನನಗೆ ಕಿಟಕಿ ಇದೆ" ಎಂದರು ಅಪ್ಪ. "ನಾಲ್ಕು ವರ್ಷ ಅದರಿಂದ ಏನೂ ಕಾಣಲಿಲ್ಲ. ಆವತ್ತು ಆ ಹುಡುಗ ದೀಪ ಆರಿಸಿದ ಮೇಲೆ ಕಂಡಿತು." ಕಾಲನ್ನು ಎರಡೂ ಕೈಯಿಂದ ಎತ್ತಿ ಸರಿಸಿಕೊಂಡರು. "ನಾನು ಹೇಳಿಕೊಡೋಕೆ ನೀನೇನು ಸಣ್ಣ ಮಗುವಾ? ಒಲೆ ಹಚ್ಚು, ಚಹಾ ಮಾಡು."

ಅವಳು ಒಲೆ ಹಚ್ಚಿದಳು. ಬೆಳಗ್ಗೆ ಮೊದಲ ಜೀಪು ಹೊರಡುವ ಮುಂಚೆಯೇ, ಬಟನ್ ಸಾಹೇಬ ಇಳಿದುಕೊಂಡಿದ್ದ ಕಾಡಿನ ವಸತಿಗೃಹದ ಬಾಗಿಲು ತಟ್ಟಿದಳು.

ಅವನು ಕಣ್ಣು ಕೆಂಪಾಗಿಸಿಕೊಂಡು ಕಾಗದದ ರಾಶಿಯ ನಡುವೆ ಕೂತಿದ್ದ. ಇನ್ನೂರು ಹೆಜ್ಜೆಗಳನ್ನೂ ಕೈಯಲ್ಲಿ ಬರೆದು ತಪ್ಪು ಹುಡುಕುತ್ತಿದ್ದ.

"ಹೆಜ್ಜೆಯಲ್ಲಿಲ್ಲ ತಪ್ಪು" ಎಂದಳು. "ಹೆಬ್ಬೆರಳಲ್ಲಿದೆ."

ಮೆಷಿನ್ ತೆಗೆದು ಮೂಲೆಯ ಅಕ್ಷರ ತೋರಿಸಿದಳು. ಅವನು ನೋಡಿದ. ಮೊದಲು ಬಾಯಿ ತೆರೆಯಿತು, ಆಮೇಲೆ ನಗು ಬಂತು, ಆಮೇಲೆ ಅದು ಹೋಯಿತು.

"ಫೋನ್" ಎಂದ.

"ಫೋನ್."

"ನಿಮಗೆ ಯಾವಾಗ ಗೊತ್ತಾಯ್ತು?"

"ಕಾಲುವೆ ಹತ್ರ." ಅವಳು ಕಣ್ಣು ತಗ್ಗಿಸಲಿಲ್ಲ. "ಹದಿನೆಂಟು ಮರ ಸುಮ್ಮನಿದ್ದೆ. ಬೇಕು ಅಂತಾನೇ ಸುಮ್ಮನಿದ್ದೆ. ಅದನ್ನೂ ಹೇಳೋಕೇ ಬಂದೆ."

ಅವನು ಕಾಗದಗಳನ್ನು ಮೆಲ್ಲಗೆ ಒಟ್ಟುಮಾಡಿದ. ಅಂಚು ಸರಿಮಾಡಿದ. "ಇದನ್ನ ಸಾಹೇಬರಿಗೆ ಹೇಳಿದ್ರೆ ಲೆಕ್ಕ ಸರಿಹೋಗುತ್ತೆ. ಮೆಷಿನ್ ಗೆಲ್ಲುತ್ತೆ. ನಿಮ್ಮ ಕೆಲಸ ಹೋಗುತ್ತೆ."

"ಗೊತ್ತು."

"ಹಾಗಾದ್ರೆ ನಾನು ಹೇಳಲ್ಲ."

"ಏನ್ರೀ?"

"ಹೇಳಲ್ಲ ರೀ! ಮೆಷಿನ್ ಸೋಲಲಿ. ನನಗೆ ಬೈತಾರೆ, ಬೈಯಲಿ. ಬೈಸಿಕೊಳ್ಳೋದರಲ್ಲಿ ನನಗೆ ಅನುಭವ ಇದೆ."

"ನಿಮ್ಮ ಹೆಬ್ಬೆರಳು ಭಿಕ್ಷೆ ಹಾಕಿದ ಕೆಲಸ ನನಗೆ ಬೇಡ" ಎಂದಳು ಅವಳು. ದನಿ ಏರಿದ್ದು ಅವಳಿಗೇ ತಿಳಿಯಲಿಲ್ಲ. "ಅಪ್ಪ ಮೂವತ್ತೊಂದು ವರ್ಷ ಒಂದು ಮರದ ಬಗ್ಗೆಯೂ ಸುಳ್ಳು ಬರೆದವರಲ್ಲ. ನಾನು ಇಪ್ಪತ್ತು ಮರದ ಸುಳ್ಳಿಗೆ ಸಹಿ ಹಾಕಿದ್ದೀನಿ. ಏಳ್ರೀ, ಅಂಗಿ ಹಾಕ್ಕೊಳ್ಳಿ!"

ಅವನು ಅಂಗಿ ಹಾಕಿಕೊಂಡ. ಒಂದು ಬಟನ್ ಇಲ್ಲದ ಅದೇ ಅಂಗಿ. ಹಾಕಿಕೊಳ್ಳುತ್ತಾ ಅವಳನ್ನು ನೋಡಿದ ನೋಟವನ್ನು ಅಳೆಯುವ ಪಾಠ ಅಪ್ಪ ಅವಳಿಗೆ ಕಲಿಸಿರಲಿಲ್ಲ.

ದೊಡ್ಡ ಸಾಹೇಬರು ಎಲ್ಲ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು.

"ವಿಷಯ ಏನಪ್ಪಾ ಅಂದ್ರೆ" ಎಂದರು, "ಆ ಬಟನ್ ತಾನಾಗಿ ಒತ್ತಿಕೊಳ್ಳೋಕೆ ಸಾಧ್ಯ ಇಲ್ಲ. ಹೇಗೆ ಒತ್ತಿತು? ವರದಿಯಲ್ಲಿ ಬರೀಬೇಕು."

"ಕೈ ತಗುಲಿತು ಸಾರ್."

"ಹೇಗೆ ತಗುಲಿತು?"

"ನಾನು ಅದನ್ನ... ಫೋನ್ ಥರ ಹಿಡಿದಿದ್ದೆ ಸಾರ್."

"ಯಾರ ಫೋನ್ ಥರ?"

ಅವಳು ನೆಲ ನೋಡಿದಳು.

"ಮಾಡಿ ತೋರಿಸಿ" ಎಂದರು ಸಾಹೇಬರು.

ಅವನು ಅವಳ ಕಡೆ ನೋಡಿದ, ನೇಣಿಗೆ ಹೋಗುವವನು ಕೊನೆಯ ಸಲ ನೋಡುವ ಹಾಗೆ. ಹೊಟ್ಟೆ ಮುಂದೆ ಮಾಡಿದ. ಮೆಷಿನ್ ಕಿವಿಗೆ ಹಿಡಿದ. "ಹೌದು ಸಾರ್... ಹೌದು ಸಾರ್... ಖಂಡಿತ ಸಾರ್..." ಮರದ ಬದಲು ಬೀರುವಿಗೆ ನಮಸ್ಕಾರ ಮಾಡಿದ. "ಅಂದ ಹಾಗೆ... ತಾವು ಯಾರು ಸಾರ್ ಮಾತಾಡ್ತಿರೋದು?"

ಸಾಹೇಬರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಅಷ್ಟರಲ್ಲಿ ಮೇಜಿನ ಮೇಲಿನ ನಿಜವಾದ ಫೋನು ಬಡಿದುಕೊಂಡಿತು. ಸಾಹೇಬರು ಎತ್ತಿದರು. "ಹೌದು ಸಾರ್" ಎಂದರು. "ಹೌದು ಸಾರ್. ಖಂಡಿತ..." ಎಂದವರು ನಿಲ್ಲಿಸಿ ಎದುರಿನ ಇಬ್ಬರನ್ನೂ ನೋಡಿದರು. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಬೆನ್ನು ಅಲುಗುವಷ್ಟು ಹೊತ್ತು ಅಲ್ಲೇ ಇದ್ದರು. ಫೋನಿಟ್ಟು ತಿರುಗಿದಾಗ ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಸರ್ಕಾರದ್ದೇ.

"ಕೋನಗಳು ಪುಸ್ತಕದಲ್ಲಿವೆಯಲ್ಲ, ಇಪ್ಪತ್ತು ಮರದ ಲೆಕ್ಕ ಮತ್ತೆ ಮಾಡಿ. ಇಲ್ಲೇ, ನನ್ನೆದುರು." ಆಮೇಲೆ ಅವಳ ಕಡೆ ನೋಡಿದರು. "ಲೆಕ್ಕದಲ್ಲಿ ಮರ ಕುಗ್ಗಿದೆ ಅಂತ ಮೊದಲು ಯಾರಿಗೆ ಅನ್ನಿಸ್ತು?"

"ನನಗೆ ಸಾರ್."

"ಅಕ್ಷರ ನೋಡೋ ಮುಂಚೆ?"

"ಮುಂಚೆ."

"ಹೂಂ" ಎಂದರು ಸಾಹೇಬರು. ಅದನ್ನು ಬರೆದುಕೊಂಡರು.

ಮರಗಳು ನಾಲ್ಕು ದಿನ ಬಿದ್ದವು. ದಿಮ್ಮಿಗಳನ್ನು ಮೂರು ದಿನ ಅಳೆದರು. ಒಟ್ಟು ಅರವತ್ತೆರಡು ಘನಮೀಟರ್. ಅವಳ ಲೆಕ್ಕ ಅರವತ್ತು ಪಾಯಿಂಟ್ ಏಳು; ಸರಿಮಾಡಿದ ಮೆಷಿನ್‌ದು ಅರವತ್ತೆರಡು ಪಾಯಿಂಟ್ ಆರು. ಮೆಷಿನ್ ಗೆದ್ದಿತು. ಅವಳಿಗಿಂತ ಮುಂದಿದ್ದದ್ದು ಕೂದಲೆಳೆಯಷ್ಟೇ, ಆದರೂ ಗೆದ್ದಿತು.

ಆದೇಶದಲ್ಲಿ ಮೂರೇ ವಾಕ್ಯಗಳಿದ್ದವು. ಕಣ್ಣಳತೆಯ ಹುದ್ದೆಯನ್ನು ಈ ತಿಂಗಳ ಕೊನೆಗೆ ರದ್ದುಪಡಿಸಲಾಗಿದೆ. ಇನ್ನು ಮುಂದೆ ಮೆಷಿನ್ ಅಳೆದ ಯಾವ ಪಟ್ಟಿಯನ್ನೂ, ಬಲ್ಲವರೊಬ್ಬರು ಕಣ್ಣಿನಿಂದ ಅಳೆದು ಪಕ್ಕದಲ್ಲಿ ಸಹಿ ಹಾಕದ ಹೊರತು ಒಪ್ಪತಕ್ಕದ್ದಲ್ಲ. ಉಳಿದ ಹನ್ನೊಂದು ಕಾಡುಗಳಲ್ಲಿ ಈ ಕೆಲಸ ಮಾಡಿ, ಅಲ್ಲಿನವರಿಗೂ ಕಲಿಸಲು ಸದರಿ ನೌಕರರನ್ನು ಮೆಷಿನ್‌ನ ಜೊತೆ ಕಳುಹಿಸಲಾಗಿದೆ.

ಮೊದಲ ವಾಕ್ಯವನ್ನು ಅವಳು ಎರಡು ಸಲ ಓದಿದಳು. ಅಪ್ಪನದ್ದೂ ತನ್ನದೂ ಸೇರಿ ಮೂವತ್ತೈದು ವರ್ಷ ಒಂದು ಸಾಲಿನಲ್ಲಿ ಮುಗಿದುಹೋಗಿತ್ತು. ಉಳಿದೆರಡನ್ನು ಓದುವಾಗ ಅಕ್ಷರಗಳು ತೇಲಿದವು. ಕಚೇರಿಯ ಕಡೆ ತಿರುಗಿ, ಯಾರೂ ನೋಡದ ಹಾಗೆ, ಸಾಹೇಬರ ಕೋಣೆಯ ಕಿಟಕಿಗೆ ಕೈಮುಗಿದಳು. ಒಳಗೆ ಸಾಹೇಬರು ಫೋನಿನಲ್ಲಿದ್ದರು.

ಬಟನ್ ಸಾಹೇಬ ಹೊಸ ರಸ್ತೆಯ ಪಕ್ಕ ದಿಮ್ಮಿಯೊಂದರ ಮೇಲೆ ಕೂತಿದ್ದ. ಅವಳು ಬಂದು ಪಕ್ಕದಲ್ಲಿ ಕೂತಳು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು.

"ಹನ್ನೊಂದು ಕಾಡು" ಎಂದಳು. "ಅಪ್ಪನನ್ನ ನೋಡ್ಕೊಳ್ಳೋಕೆ ಅತ್ತೆ ಬರ್ತಾರೆ."

"ನಿಮಗೊಂದು ಮಾತು ಹೇಳಬೇಕಿತ್ತು ರೀ." ಅವನು ಗಂಟಲು ಸರಿಮಾಡಿಕೊಂಡ. ಹೊರಬಂದದ್ದು ದೊಡ್ಡ ಸಾಹೇಬರು. "ವಿಷಯ ಏನಪ್ಪಾ ಅಂದ್ರೆ..."

"ಸಾಹೇಬರು ಬೇಡ."

ಮಾವನ ಕೆಮ್ಮು ಬಂತು.

"ಮಾವನೂ ಬೇಡ. ನೀವೇ ಹೇಳಿ."

"ನನ್ನ ದನಿ ಹೇಗಿದೆ ಅಂತ ನನಗೇ ಮರೆತುಹೋಗಿದೆ" ಎಂದ ಅವನು. ಆ ಮಾತು ತಮಾಷೆಗೆ ಶುರುವಾಗಿ ನಡುವೆಯೇ ನಿಜವಾಯಿತು. ಕೈಯನ್ನು ತೊಗಟೆಯ ಮೇಲೆ ಇಟ್ಟುಕೊಂಡ. ಬಂದ ದನಿ ಅವಳು ಎಂದೂ ಕೇಳಿದ್ದಲ್ಲ. ಸ್ವಲ್ಪ ಒರಟು, ಸ್ವಲ್ಪ ಸಣ್ಣದು, ಅಲ್ಲಲ್ಲಿ ಎಡವುವಂಥದ್ದು.

"ನನ್ನ ತಪ್ಪನ್ನ ಇಷ್ಟು ದಿನ ಎಲ್ಲರೂ ತಗೊಂಡು ಹೋಗಿ ಸಾಹೇಬರಿಗೆ ಕೊಟ್ಟಿದ್ದಾರೆ. ನನಗೇ ತಂದುಕೊಟ್ಟವರು ನೀವೊಬ್ಬರೇ. ನಿಮಗೆ ಅಷ್ಟು ನಷ್ಟ ಇದ್ದೂ. ಆವತ್ತಿಂದ ಬೆಳಗ್ಗೆ ಎದ್ದ ಕೂಡಲೇ ಅದೇ ನೆನಪಾಗುತ್ತೆ, ಯಾರಿಗೋ ನಮಸ್ಕಾರ ಹೇಳಬೇಕು ಅನ್ಸುತ್ತೆ. ಹನ್ನೊಂದು ಕಾಡು ಮುಗಿದ ಮೇಲೂ ನೀವು ಜೊತೆ ಇರಬೇಕು. ನನ್ನನ್ನ ಮದುವೆ ಆಗ್ತೀರಾ?"

ಅವಳು ತೊಗಟೆಯ ಚೂರೊಂದನ್ನು ಉಗುರಿನಿಂದ ಕೆರೆದಳು. ಅಪ್ಪನ ಒದ್ದೆ ಕೆನ್ನೆ ನೆನಪಾಯಿತು. ಚಹಾ ಚೆಲ್ಲಿದ ಮೊಣಕಾಲು ನೆನಪಾಯಿತು. ಇವನು ಬರದಿದ್ದರೆ ತನ್ನ ಕಣ್ಣು ಸರಿಯಿದೆಯೆಂದು ಇಷ್ಟು ಖಚಿತವಾಗಿ ತನಗೂ ಗೊತ್ತಾಗುತ್ತಿರಲಿಲ್ಲ.

"ಅಪ್ಪನಿಗೆ ಬೆಳಗ್ಗೇನೇ ಹೇಳಿದ್ದೀನಿ" ಎಂದಳು.

"ಏನಂತ?"

"ನೀವು ಇವತ್ತು ಕೇಳ್ತೀರಿ ಅಂತ."

"ಅವರೇನಂದ್ರು?"

"'ಹೂಂ ಅನ್ನೋಕೆ ನಾಲ್ಕು ಸೆಕೆಂಡ್‌ಗಿಂತ ಜಾಸ್ತಿ ತಗೋಬೇಡ' ಅಂದ್ರು. ನಾನು ಜಾಸ್ತಿ ತಗೊಂಡೆ." ನಡುವಿನ ಜಾಗವನ್ನು ದಾಟಿ ಅವಳು ಅವನ ಪಕ್ಕಕ್ಕೆ ಸರಿದಳು. "ಹೂಂ. ಈಗ ಇನ್ನೊಂದು ಸಲ ಹೇಳಿ."

"ಯಾಕೆ? ಕೇಳಿಸಲಿಲ್ವಾ?"

"ಕೇಳಿಸ್ತು" ಎಂದಳು ಅವಳು. "ಅದಕ್ಕೇ."